ಹೊರಡುವ ಸಮಯದ ಲೆಕ್ಕ: ಸೈಕಲ್ ರೇಸಿಗೆ ಕ್ರಾಸ್‌ಮ್ಯಾನೇಜರ್ ತಂತ್ರಾಂಶ ಎಷ್ಟು ಒದಗುತ್ತದೆ?

ಟೈಮ್ ಟ್ರಯಲ್ ಮಾದರಿಯ ಸೈಕಲ್ ಸ್ಪರ್ಧೆಯಲ್ಲಿ ಸವಾರರು ಒಟ್ಟಿಗೆ ಹೊರಡುವುದಿಲ್ಲ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬರಂತೆ ಹೊರಟು, ಯಾರ ಬೆನ್ನಿನ ಆಸರೆಯನ್ನೂ ಪಡೆಯದೆ ದಾರಿ ಮುಗಿಸಿ ಬರುತ್ತಾರೆ. ಹೀಗಾಗಿ ಮೊದಲು ಗುರಿ ಮುಟ್ಟಿದವನೇ ಗೆದ್ದವನೆಂದು ಹೇಳಲು ಬರುವುದಿಲ್ಲ. ಪ್ರತಿಯೊಬ್ಬನ ಫಲಿತಾಂಶವೂ ಎರಡು ಸಮಯಗಳ ನಡುವಿನ ವ್ಯತ್ಯಾಸವಾಗಿರುವುದರಿಂದ, ಅವುಗಳಲ್ಲಿ ಯಾವುದೊಂದು ತಪ್ಪಿದರೂ ಶ್ರೇಯಾಂಕವೇ ಏರುಪೇರಾಗುತ್ತದೆ. ಗುರಿಯ ಗೆರೆಯ ಬಳಿ ಎಲ್ಲರ ಕಣ್ಣೂ ಇರುತ್ತದೆ, ಮೊಬೈಲಿನಲ್ಲಿ ವಿಡಿಯೊ ಹಿಡಿಯುವವರೂ ಇರುತ್ತಾರೆ. ಹೊರಡುವ ಗೆರೆಯ ಬಳಿ ಇರುವುದು ಸಾಮಾನ್ಯವಾಗಿ ಒಂದು ಮೇಜು, ಒಂದು ಪಟ್ಟಿ ಮತ್ತು ಸೀಟಿ ಹಿಡಿದ ಒಬ್ಬ ಮಾಸ್ತರರು. ಗದಗ ಜಿಲ್ಲೆಯ ಸ್ಪರ್ಧೆಗಳಲ್ಲಿ ಸಮಯ ಹಿಡಿಯುವ ಕೆಲಸಕ್ಕೆ ನಿಲ್ಲುವ ನಾನು ಕಂಡ ತಕರಾರುಗಳಲ್ಲಿ ಬಹುಪಾಲು ಹುಟ್ಟಿದ್ದು ಆ ಮೇಜಿನ ಬಳಿಯೇ. ಆದ್ದರಿಂದ ಕ್ರಾಸ್‌ಮ್ಯಾನೇಜರ್ ಎಂಬ ರೇಸ್ ಟೈಮಿಂಗ್ ತಂತ್ರಾಂಶದ ಈ ವಿಮರ್ಶೆಯಲ್ಲಿ ಅದರ ಎಲ್ಲ ಸೌಲಭ್ಯಗಳನ್ನೂ ಹೇಳುತ್ತ ಹೋಗದೆ, ಸ್ಪರ್ಧಿಗಳು ಹೊರಡುವ ಸಮಯವನ್ನು ಅದು ಹೇಗೆ ನಿಭಾಯಿಸುತ್ತದೆ ಎಂಬುದನ್ನೇ ಮುಖ್ಯವಾಗಿ ನೋಡಿದ್ದೇನೆ.

ತಂತ್ರಾಂಶದ ಪರಿಚಯ ಚಿಕ್ಕದಾಗಿ ಸಾಕು. ಕೆನಡಾದ ಎಡ್ವರ್ಡ್ ಸಿಟಾರ್ಸ್ಕಿ ಎಂಬವರು ಇದನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದಾರೆ. ಮೂಲತಃ ಸೈಕ್ಲೊಕ್ರಾಸ್ ಎಂಬ ಸುತ್ತುಗಳ ಸ್ಪರ್ಧೆಗಾಗಿ ಹುಟ್ಟಿದ್ದರಿಂದ ಈ ಹೆಸರು ಬಂದಿದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಮೂಲ ಸಂಕೇತವೂ ಎಲ್ಲರಿಗೂ ತೆರೆದಿದೆ. ಅಂತರ್ಜಾಲದಲ್ಲಿ ಹುಡುಕುವವರು ಮ್ಯಾನೇಜರ್ ಎಂಬುದನ್ನು ಎಂ, ಜಿ, ಆರ್ ಎಂಬ ಮೂರೇ ಅಕ್ಷರಗಳಿಗೆ ಇಳಿಸಿ ಬರೆಯಬೇಕು, ಇಲ್ಲವಾದರೆ ಬೇರೇನೋ ಸಿಗುತ್ತದೆ. ವಿಂಡೋಸ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಇದು ನಡೆಯುತ್ತದೆ, ಮತ್ತು ಸಮಯ ಹಿಡಿಯುವಾಗ ಇಂಟರ್ನೆಟ್ ಬೇಕಾಗುವುದಿಲ್ಲ. ಊರ ಹೊರಗಿನ ರಸ್ತೆಯಲ್ಲಿ ನೆಟ್‌ವರ್ಕ್ ಬಂದು ಹೋಗುವ ನಮ್ಮಂಥವರಿಗೆ ಈ ಕೊನೆಯ ಗುಣವೊಂದೇ ಇದನ್ನು ಪರಿಗಣಿಸಲು ಸಾಕಾದ ಕಾರಣ.

ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ರಾಜ್ಯಕ್ಕೆ ಸೈಕ್ಲಿಂಗ್ ಪಟುಗಳನ್ನು ಕೊಡುತ್ತ ಬಂದಿರುವುದು ಎಲ್ಲರಿಗೂ ತಿಳಿದದ್ದೇ. ಆದರೆ ಹಳ್ಳಿಯ ಹುಡುಗ ಹುಡುಗಿಯರು ಮೊದಲ ಸಲ ಸಮಯದ ವಿರುದ್ಧ ಸೈಕಲ್ ತುಳಿಯುವ ತಾಲ್ಲೂಕು, ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿ ಇಂದಿಗೂ ಸ್ಟಾಪ್‌ವಾಚ್ ಮತ್ತು ನೋಟ್‌ಬುಕ್ಕೇ ಆಧಾರ. ನೋಟ್‌ಬುಕ್ಕನ್ನು ನಾನು ಹೀಗಳೆಯುವುದಿಲ್ಲ. ಇಪ್ಪತ್ತು ಮಂದಿಯ ಸ್ಪರ್ಧೆಗೆ ಅದು ಇಂದಿಗೂ ಒಳ್ಳೆಯ ಸಾಧನ. ಸಂಖ್ಯೆ ಅರವತ್ತಕ್ಕೆ ಏರಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬೇಕು.

ಗದಗಿನಿಂದ ಹುಲಕೋಟಿಯ ಕಡೆಗೆ ಹೋಗಿ ತಿರುಗಿ ಬರುವ 20 ಕಿಲೋಮೀಟರ್ ದಾರಿಯೊಂದನ್ನು ಊಹಿಸಿಕೊಳ್ಳೋಣ. ಗಂಟೆಗೆ 40 ಕಿಲೋಮೀಟರ್ ವೇಗದ ಸವಾರ ಅದನ್ನು 30 ನಿಮಿಷದಲ್ಲಿ ಮುಗಿಸುತ್ತಾನೆ. ನಿಮಿಷಕ್ಕೊಬ್ಬರಂತೆ 60 ಮಂದಿ ಹೊರಟರೆ, ಮೊದಲಿನವನು ಹೊರಟ 59 ನಿಮಿಷಗಳ ನಂತರ ಕೊನೆಯವನು ಹೊರಡುತ್ತಾನೆ. ಅಂದರೆ ಮೂವತ್ತನೆಯ ನಿಮಿಷದಿಂದ ಆಚೆಗೆ ಸುಮಾರು ಅರ್ಧ ಗಂಟೆ ಕಾಲ ಒಂದು ಕಡೆ ಸವಾರರು ಹೊರಡುತ್ತಿರುತ್ತಾರೆ, ಇನ್ನೊಂದು ಕಡೆ ಬಂದು ಮುಟ್ಟುತ್ತಿರುತ್ತಾರೆ. ಬಂದು ಮುಟ್ಟುವವರು ಹೊರಟ ಕ್ರಮದಲ್ಲೇ ಬರುವುದಿಲ್ಲ. ಒಬ್ಬನು ತನ್ನ ಮುಂದಿನ ಇಬ್ಬರನ್ನು ಹಿಡಿದು ದಾಟಿರಬಹುದು, ಮೂವರು ಎರಡು ಸೆಕೆಂಡಿನ ಒಳಗೆ ಗೆರೆ ದಾಟಬಹುದು. ಆ ವೇಗದಲ್ಲಿ ಒಂದು ಸೆಕೆಂಡ್ ಎಂದರೆ ರಸ್ತೆಯ ಮೇಲೆ 11 ಮೀಟರ್. ಒಬ್ಬನೇ ಮನುಷ್ಯ ಎರಡೂ ಕಡೆಯ ಸಮಯವನ್ನು ಹಿಡಿಯುವುದು ಈ ಅರ್ಧ ಗಂಟೆಯಲ್ಲಿ ಆಗದ ಮಾತು, ಮತ್ತು ಜಿಲ್ಲಾ ಮಟ್ಟದಲ್ಲಿ ನುರಿತ ಎರಡನೆಯ ಮನುಷ್ಯ ಸಿಗುವುದೂ ಅಪರೂಪ.

ಕ್ರಾಸ್‌ಮ್ಯಾನೇಜರ್‌ನ ಅತ್ಯುತ್ತಮ ಗುಣ ಇಲ್ಲಿಯೇ ಕಾಣುತ್ತದೆ. ಸ್ಪರ್ಧೆಯ ಗುಣಲಕ್ಷಣಗಳ ಪರದೆಯಲ್ಲಿ ಟೈಮ್ ಟ್ರಯಲ್ ಎಂಬ ಚೌಕಕ್ಕೆ ಗುರುತು ಹಾಕಿದ ಮೇಲೆ, ಹೊರಡುವ ಸಮಯವನ್ನು ಅದಕ್ಕೆ ಎರಡು ಬಗೆಯಲ್ಲಿ ತಿಳಿಸಬಹುದು. ಮೊದಲನೆಯ ಬಗೆಯಲ್ಲಿ ಯಾವ ಪಟ್ಟಿಯೂ ಬೇಡ. ಸವಾರ ಹೊರಟಾಗ ಅವನ ಬಿಬ್ ನಂಬರನ್ನು, ಅಂದರೆ ಅಂಗಿಗೆ ಕಟ್ಟಿದ ಸ್ಪರ್ಧಾ ಸಂಖ್ಯೆಯನ್ನು, ಒತ್ತಿದರೆ ಆ ಮೊದಲ ನಮೂದನ್ನೇ ತಂತ್ರಾಂಶ ಹೊರಟ ಸಮಯವೆಂದು ಹಿಡಿದು, ಮುಂದಿನ ನಮೂದನ್ನು ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತದೆ. ಎರಡನೆಯ ಬಗೆಯಲ್ಲಿ ಬಿಬ್ ನಂಬರ್ ಮತ್ತು ಹೊರಡುವ ಸಮಯವಿರುವ ಎಕ್ಸೆಲ್ ಹಾಳೆಯೊಂದನ್ನು ಮುಂಚಿತವಾಗಿ ಸಿದ್ಧಪಡಿಸಿ ಒಳಗೆ ತೆಗೆದುಕೊಳ್ಳಬೇಕು. ಆಗ ರೇಸಿನ ಗಡಿಯಾರವನ್ನು ಒಮ್ಮೆ ಓಡಲು ಬಿಟ್ಟರೆ ಪ್ರತಿಯೊಬ್ಬನ ಹೊರಡುವ ಕ್ಷಣವೂ ಆ ಗಡಿಯಾರದ ಮೇಲೆ ಮೊದಲೇ ಗೊತ್ತಾದ ಬಿಂದುವಾಗಿರುತ್ತದೆ. ನಮ್ಮಂಥ ಸ್ಪರ್ಧೆಗಳಿಗೆ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಡುವ ಕಡೆ ಕೀಬೋರ್ಡ್ ಮುಟ್ಟುವ ಅಗತ್ಯವೇ ಉಳಿಯದೆ, ಇರುವ ಒಬ್ಬ ಮನುಷ್ಯನ ಪೂರ್ತಿ ಗಮನ ಗುರಿಯ ಗೆರೆಗೆ ಸಿಗುತ್ತದೆ.

ಇದಕ್ಕಿಂತ ದೊಡ್ಡ ಪ್ರಯೋಜನ ನ್ಯಾಯಕ್ಕೆ ಸಂಬಂಧಿಸಿದ್ದು. ಗೆರೆಗೆ 40 ಸೆಕೆಂಡ್ ತಡವಾಗಿ ಬಂದ ಸವಾರನನ್ನು ಗಮನಿಸಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ, ತಡವಾಗಿ ಬಂದವನ ಸಮಯವನ್ನು ಪಟ್ಟಿಯಲ್ಲಿ ಅವನಿಗೆ ಗೊತ್ತುಮಾಡಿದ ಕ್ಷಣದಿಂದಲೇ ಎಣಿಸಬೇಕು. ಹೊರಟಾಗ ಬಿಬ್ ಒತ್ತುವ ಮೊದಲ ಬಗೆಯಲ್ಲಿ, ಯಾರೂ ಬೇಕೆಂದು ಮಾಡದೆಯೇ ಅವನಿಗೆ 40 ಸೆಕೆಂಡ್ ಉಡುಗೊರೆಯಾಗಿ ಸಿಕ್ಕಿಬಿಡುತ್ತದೆ. 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಅದು ಪದಕದ ಬಣ್ಣವನ್ನೇ ಬದಲಿಸುವಷ್ಟು ದೊಡ್ಡದು. ಪಟ್ಟಿಯಿಂದ ಸಮಯ ತೆಗೆದುಕೊಳ್ಳುವ ಎರಡನೆಯ ಬಗೆಯಲ್ಲಿ ಅವನ ಗಡಿಯಾರ ಅವನಿಗಾಗಿ ಕಾಯುವುದಿಲ್ಲ. ಹಿರಿಯ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಇದನ್ನು ಹುಡುಗರಿಗೆ ವಿವರಿಸುವ ರೀತಿ ನನಗೆ ಇಷ್ಟ: ‘ನೀ ಬಂದಿ ಅಂತ ನಿನ್ನ ಟೈಮ್ ಶುರು ಆಗೂದಿಲ್ಲೋ ತಮ್ಮಾ, ನಿನ್ನ ಟೈಮ್ ಶುರು ಆಗೇತಿ, ನೀನ ಬಂದಿಲ್ಲ.’

ಆದರೆ ತಡವಾಗುವುದು ಯಾವಾಗಲೂ ಸವಾರನ ತಪ್ಪಿನಿಂದ ಅಲ್ಲ. ಎಮ್ಮೆಗಳ ಹಿಂಡೊಂದು ರಸ್ತೆಗೆ ಇಳಿದಿರಬಹುದು, ಆಂಬುಲೆನ್ಸಿಗೆ ದಾರಿ ಬಿಡಬೇಕಾಗಿ ಬಂದಿರಬಹುದು. ಇಂಥ ಹೊತ್ತಿನಲ್ಲಿ ತೀರ್ಪುಗಾರರು ಹೊಸ ಸಮಯವನ್ನು ಕೊಡುತ್ತಾರೆ, ಮತ್ತು ಆ ಸವಾರನ ಹೊರಡುವ ಸಮಯವನ್ನು ತಂತ್ರಾಂಶದಲ್ಲಿ ತಿದ್ದಬೇಕಾಗುತ್ತದೆ. ಸವಾರರ ವಿವರದ ಪರದೆಗೆ ಹೋಗಿ ಒಬ್ಬರ ನಮೂದನ್ನು ತಿದ್ದುವುದು ಕ್ರಾಸ್‌ಮ್ಯಾನೇಜರ್‌ನಲ್ಲಿ ಕಷ್ಟವಲ್ಲ. ಆದರೆ ಹತ್ತು ಮಂದಿಯ ಸಮಯ ಒಟ್ಟಿಗೆ ಸರಿಯಬೇಕಾದಾಗ, ಅದೂ ಗುರಿಯ ಕಡೆ ಸವಾರರು ಬರುತ್ತಿರುವಾಗ, ಅಲ್ಲೇ ಕುಳಿತು ತಿದ್ದಲು ಹೋಗಬಾರದು. ಹೊಸ ಸಮಯಗಳನ್ನು ಕಾಗದದ ಮೇಲೆ ಬರೆದುಕೊಂಡು, ಎಲ್ಲರೂ ಬಂದ ಮೇಲೆ ತಿದ್ದಿದರೂ ಫಲಿತಾಂಶ ತಾನಾಗಿ ಸರಿಹೊಂದುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯ ಪಟ್ಟಿಯಲ್ಲೇ ಇದೆ: ಪ್ರತಿ ಹತ್ತು ಸವಾರರ ನಂತರ ಒಂದು ನಿಮಿಷವನ್ನು ಖಾಲಿ ಬಿಡುವುದು. ಸಮಯ ತಪ್ಪಿದವನನ್ನು, ಅದು ಅವನ ತಪ್ಪಲ್ಲವೆಂದು ತೀರ್ಪುಗಾರರು ಒಪ್ಪಿದರೆ, ಆ ಖಾಲಿ ಜಾಗದಲ್ಲಿ ಕಳುಹಿಸಬಹುದು. ಹಿಂದಿನವರ ಯಾರ ಸಮಯವೂ ಅಲುಗಾಡುವುದಿಲ್ಲ. ಹೊರಡದೇ ಉಳಿದವರಿಗೆ, ನಡುವೆ ಕೈಬಿಟ್ಟವರಿಗೆ, ಅನರ್ಹಗೊಂಡವರಿಗೆ ಬೇರೆ ಬೇರೆ ಗುರುತುಗಳು ಇವೆ. ಅವುಗಳನ್ನು ಸರಿಯಾಗಿ ಹಾಕಿದರೆ ‘ನನ್ನ ಮಗನ ಹೆಸರೇ ಇಲ್ಲವಲ್ಲ’ ಎಂದು ಬರುವ ಪಾಲಕರಿಗೆ ಉತ್ತರ ಕೊಡುವುದು ಸುಲಭವಾಗುತ್ತದೆ.

ಎಕ್ಸೆಲ್ ಹಾಳೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ತಂತ್ರಾಂಶದ ಗುಣದೋಷಗಳಷ್ಟೇ ಈ ಹಾಳೆಯ ಗುಣದೋಷಗಳೂ ಫಲಿತಾಂಶವನ್ನು ನಿರ್ಧರಿಸುತ್ತವೆ. ಎಕ್ಸೆಲ್‌ನಲ್ಲಿ 1:30 ಎಂದು ಬರೆದರೆ ಅದು ಒಂದೂವರೆ ನಿಮಿಷವಾಗುವುದಿಲ್ಲ, ಒಂದೂವರೆ ಗಂಟೆಯಾಗುತ್ತದೆ. ಒಂದೂವರೆ ನಿಮಿಷಕ್ಕೆ 0:01:30 ಎಂದೇ ಬರೆಯಬೇಕು. ಪ್ರತಿಯೊಂದು ಸಾಲಿನಲ್ಲೂ ಕೈಯಿಂದ ಸಮಯ ತುಂಬುವ ಬದಲು, ಮೇಲಿನ ಸಾಲಿಗೆ ಟೈಮ್ ಎಂಬ ಸೂತ್ರದಿಂದ ಒಂದು ನಿಮಿಷ ಕೂಡಿಸಿ ಕೆಳಗೆ ಎಳೆದರೆ ತಪ್ಪು ನುಸುಳುವುದಿಲ್ಲ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು: ಬೆಳಿಗ್ಗೆ ಬಂದು ಹೆಸರು ಕೊಟ್ಟ ಸವಾರನನ್ನು ಹೊರಡುವ ಪಟ್ಟಿಗೆ ಸೇರಿಸದೆ ಕಳುಹಿಸಿದರೆ, ಅವನು ಗುರಿ ಮುಟ್ಟಿದಾಗ ಒತ್ತುವ ಬಿಬ್ಬೇ ಅವನ ಮೊದಲ ನಮೂದಾಗುತ್ತದೆ, ಮತ್ತು ತಂತ್ರಾಂಶ ಅದನ್ನು ಹೊರಟ ಸಮಯವೆಂದು ತಿಳಿಯುತ್ತದೆ. ಅವನು ದಾರಿಯಲ್ಲೇ ಇದ್ದಾನೆಂದು ಪರದೆ ತೋರಿಸುತ್ತಿರುವಾಗ ಅವನು ಪೆಂಡಾಲಿನಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿರುತ್ತಾನೆ. ಆದ್ದರಿಂದ ಬೆಳಗಿನ ನೋಂದಣಿಗೆ ಒಂದು ಗಡುವು ಇರಬೇಕು, ಗಡುವಿನ ನಂತರವೇ ಹಾಳೆಯನ್ನು ಒಳಗೆ ತೆಗೆದುಕೊಳ್ಳಬೇಕು.

ಯಾರು ಮೊದಲು, ಯಾರು ನಂತರ ಎಂಬ ಪ್ರಶ್ನೆಯನ್ನು ತಂತ್ರಾಂಶ ನಮಗೇ ಬಿಡುತ್ತದೆ. ಇದು ಕೊರತೆಯೆಂದು ಕೆಲವರು ಹೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಗದಗಿನ ಸುತ್ತಲಿನ ಬಯಲಿನಲ್ಲಿ ಗಾಳಿ ಎಷ್ಟೆಂಬುದಕ್ಕೆ ಕಪ್ಪತಗುಡ್ಡದ ಕಡೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಮಳೆಗಾಲದ ತಿಂಗಳುಗಳಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಮತ್ತು ಹುಬ್ಬಳ್ಳಿಯ ದಿಕ್ಕಿಗೆ ಹೊರಟ ಸವಾರನಿಗೆ ಅದು ಎದುರು ಗಾಳಿ. ಬಿಸಿಲು ಏರಿದಂತೆ ಗಾಳಿಯೂ ಏರುತ್ತದೆ. ಬೆಳಿಗ್ಗೆ 6.30ಕ್ಕೆ ಹೊರಟವನಿಗೂ 8.30ಕ್ಕೆ ಹೊರಟವನಿಗೂ ಸಿಗುವ ರಸ್ತೆ ಒಂದೇ ಆದರೂ ಸಿಗುವ ಗಾಳಿ ಒಂದೇ ಅಲ್ಲ. ಲಾರಿಗಳ ಓಡಾಟವೂ ಒಂದೇ ಅಲ್ಲ. ಬಲಿಷ್ಠ ಸವಾರರನ್ನು ಕೊನೆಗೆ ಇಡುವ ರೂಢಿಯನ್ನು ಕುರುಡಾಗಿ ಅನುಸರಿಸಿದರೆ ಅವರಿಗೇ ಹೆಚ್ಚಿನ ಗಾಳಿಯನ್ನು ಕೊಟ್ಟಂತಾಗುತ್ತದೆ. ಒಂದು ವಯೋಗುಂಪಿನವರೆಲ್ಲರನ್ನೂ ಬೆನ್ನುಬೆನ್ನಿಗೆ ಕಳುಹಿಸಿ, ಗುಂಪಿನ ಒಳಗೆ ಚೀಟಿ ಎತ್ತಿ ಅಥವಾ ಎಕ್ಸೆಲ್‌ನ ಯಾದೃಚ್ಛಿಕ ಸಂಖ್ಯೆಯಿಂದ ಕ್ರಮ ಗೊತ್ತುಮಾಡುವುದು ನನಗೆ ಕಂಡ ನ್ಯಾಯವಾದ ದಾರಿ. ಪರಸ್ಪರ ಸ್ಪರ್ಧಿಸುವವರಿಗೆ ಹೆಚ್ಚು ಕಡಿಮೆ ಒಂದೇ ಗಾಳಿ ಸಿಗುತ್ತದೆ. 120 ಮಂದಿ ಇದ್ದರೆ ನಿಮಿಷದ ಅಂತರ ಎರಡು ಗಂಟೆ ತೆಗೆದುಕೊಳ್ಳುತ್ತದೆ, ಅರ್ಧ ನಿಮಿಷದ ಅಂತರ ಒಂದೇ ಗಂಟೆ. ನಮ್ಮ ಬಿಸಿಲಿಗೆ ಅರ್ಧ ನಿಮಿಷವೇ ಹಿತ. ಆದರೆ ಅಂತರ ಕಿರಿದಾದಷ್ಟೂ ಸವಾರರು ಒಬ್ಬರ ಹಿಂದೆ ಒಬ್ಬರು ಸೇರಿಕೊಂಡು ಗಾಳಿಯ ಮರೆ ಪಡೆಯುವ ಸಾಧ್ಯತೆ ಹೆಚ್ಚುತ್ತದೆ, ಅದನ್ನು ತಡೆಯಲು ಬೈಕಿನ ಮೇಲೆ ತೀರ್ಪುಗಾರರು ಬೇಕಾಗುತ್ತಾರೆ.

ಹೊರಡುವ ಗೆರೆಯ ಬಳಿ ಸವಾರನಿಗೂ ಸೈಕಲ್ ಹಿಡಿದು ನಿಂತವನಿಗೂ ಸಮಯ ಕಾಣಬೇಕು. ಕ್ರಾಸ್‌ಮ್ಯಾನೇಜರ್ ಲ್ಯಾಪ್‌ಟಾಪಿನಿಂದಲೇ ಒಂದು ಪುಟ್ಟ ಜಾಲತಾಣವನ್ನು ನಡೆಸುತ್ತದೆ; ಅದೇ ವೈಫೈಗೆ ಸೇರಿದ ಟ್ಯಾಬ್ ಅಥವಾ ಮೊಬೈಲಿನಲ್ಲಿ ಮುಂದಿನ ಸವಾರ ಯಾರು, ಇನ್ನೆಷ್ಟು ಸೆಕೆಂಡ್ ಉಳಿದಿದೆ ಎಂಬುದು ಇಳಿಯೆಣಿಕೆಯಾಗಿ ಕಾಣುತ್ತದೆ. ವೈಫೈಗೆ ಹೊರಗಿನ ಇಂಟರ್ನೆಟ್ ಬೇಕಿಲ್ಲ, ಒಂದು ಸಾದಾ ರೂಟರ್ ಇದ್ದರೆ ಆಯಿತು. ಮಾಸ್ತರರು ಕೈಗಡಿಯಾರ ನೋಡಿ ‘ಐದು, ನಾಲ್ಕು, ಮೂರು’ ಎನ್ನುವುದಕ್ಕೂ ಫಲಿತಾಂಶದ ಗಡಿಯಾರಕ್ಕೂ ಇರುತ್ತಿದ್ದ ವ್ಯತ್ಯಾಸ ಇದರಿಂದ ಇಲ್ಲವಾಗುತ್ತದೆ, ಏಕೆಂದರೆ ಇಬ್ಬರೂ ನೋಡುವುದು ಒಂದೇ ಗಡಿಯಾರವನ್ನು. ರೇಸನ್ನು ಈಗಲೇ ಆರಂಭಿಸು ಎನ್ನುವ ಬದಲು ನಿಗದಿತ ಗಂಟೆಗೆ ಆರಂಭಿಸು ಎಂದು ಮೊದಲೇ ಹೇಳಿಡುವ ಸೌಲಭ್ಯವೂ ಇದೆ. ಅತಿಥಿಗಳ ಭಾಷಣ ಮುಗಿಯುವ ಹೊತ್ತು ಯಾರಿಗೂ ಗೊತ್ತಿಲ್ಲದ ನಮ್ಮ ಸಮಾರಂಭಗಳಲ್ಲಿ ಅದನ್ನು ಬಳಸುವ ಮುಂಚೆ ಎರಡು ಸಲ ಯೋಚಿಸಬೇಕು.

ಗುರಿಯ ಕಡೆಗೆ ಟೈಮ್ ಟ್ರಯಲ್‌ಗೆಂದೇ ಬೇರೊಂದು ನಮೂದಿನ ಪರದೆ ಇದೆ. ಸವಾರ ಗೆರೆ ದಾಟಿದ ಕ್ಷಣದಲ್ಲಿ ಒಂದೇ ಕೀಲಿಯನ್ನು ಒತ್ತಿದರೆ ಸಮಯ ಸಾಲಾಗಿ ದಾಖಲಾಗುತ್ತದೆ, ಬಿಬ್ ನಂಬರನ್ನು ನಿಧಾನವಾಗಿ ನಂತರ ತುಂಬಬಹುದು. ಮೂವರು ಒಟ್ಟಿಗೆ ಬಂದಾಗ ಮೂರು ಸಲ ಒತ್ತಿ, ಪಕ್ಕದವರು ನಂಬರ್ ಕೂಗಿದಂತೆ ತುಂಬುತ್ತ ಹೋದರೆ ಸಾಕು. ಮೊದಲು ನಂಬರ್ ಬರೆದು ಆಮೇಲೆ ಸಮಯ ಒತ್ತುವ ಕ್ರಮಕ್ಕಿಂತ ಇದು ಎಷ್ಟೋ ಮೇಲು. ಮನುಷ್ಯನ ಬೆರಳಿನ ವಿಳಂಬ ಇದ್ದೇ ಇರುತ್ತದೆ; ಒಬ್ಬನೇ ವ್ಯಕ್ತಿ ಎಲ್ಲರಿಗೂ ಒತ್ತಿದರೆ ಅದು ಎಲ್ಲರಿಗೂ ಹೆಚ್ಚು ಕಡಿಮೆ ಸಮನಾಗುತ್ತದೆಯಾದ್ದರಿಂದ ನಡುವೆ ಕೈ ಬದಲಾಯಿಸಬಾರದು.

ಹೊರಡುವ ಜಾಗ ಮತ್ತು ಮುಟ್ಟುವ ಜಾಗ ಹತ್ತಿರವಿದ್ದರೆ ಮೇಲಿನದೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಒಂದು ಊರಿನಿಂದ ಹೊರಟು ಇನ್ನೊಂದು ಊರಿನಲ್ಲಿ ಮುಗಿಯುವ ಸ್ಪರ್ಧೆಯಲ್ಲಿ ಎರಡು ಗಡಿಯಾರಗಳು ಬಂದೇ ಬರುತ್ತವೆ, ಮತ್ತು ಎರಡು ಲ್ಯಾಪ್‌ಟಾಪುಗಳ ನಡುವೆ ಒಂದೆರಡು ಸೆಕೆಂಡಿನ ವ್ಯತ್ಯಾಸ ಸಹಜ. ಹಾಗಿದ್ದಾಗ ಗುರಿಯ ಲ್ಯಾಪ್‌ಟಾಪನ್ನೇ ಹೊರಡುವ ಜಾಗಕ್ಕೆ ಒಯ್ದು, ರೇಸಿನ ಗಡಿಯಾರವನ್ನು ಅಲ್ಲೇ ಓಡಲು ಬಿಟ್ಟು, ಹೊರಡಿಸುವವರ ಗಡಿಯಾರವನ್ನು ಅದಕ್ಕೆ ಹೊಂದಿಸಿ, ನಂತರ ಕಾರಿನಲ್ಲಿ ಗುರಿಯ ಕಡೆಗೆ ಹೋಗುವುದು ನಂಬಿಕೆಗೆ ಅರ್ಹವಾದ ವಿಧಾನ. ಒಮ್ಮೆ ಓಡತೊಡಗಿದ ಮೇಲೆ ಲ್ಯಾಪ್‌ಟಾಪಿನ ಸಮಯವನ್ನು ಯಾರೂ ಮುಟ್ಟಬಾರದು, ತಾನಾಗಿ ನಿದ್ರೆಗೆ ಜಾರುವ ಆಯ್ಕೆಯನ್ನೂ ತೆಗೆದಿರಬೇಕು.

ಗುಂಪುಗುಂಪಾಗಿ ಹೊರಡುವ ಸ್ಪರ್ಧೆಗಳಿಗೆ ವರ್ಗಗಳ ಪಟ್ಟಿಯಲ್ಲಿ ಸ್ಟಾರ್ಟ್ ಆಫ್‌ಸೆಟ್ ಎಂಬ ಕಾಲಮ್ಮು ಇದೆ. ಪುರುಷರು ಶೂನ್ಯಕ್ಕೆ, ಜೂನಿಯರ್ ಎರಡು ನಿಮಿಷಕ್ಕೆ, ಮಹಿಳೆಯರು ನಾಲ್ಕು ನಿಮಿಷಕ್ಕೆ ಎಂದು ತುಂಬಿದರೆ ಆಯಿತು. ಯಾರು ಯಾವ ವರ್ಗವೆಂಬುದನ್ನು ಬಿಬ್ ಸಂಖ್ಯೆಗಳ ವ್ಯಾಪ್ತಿಯಿಂದ, ಉದಾಹರಣೆಗೆ 100ರಿಂದ 199 ಎಂದು, ಹೇಳಬಹುದು. ಅದರಲ್ಲಿ ಒಂದು ಸಂಖ್ಯೆಯನ್ನು ಹೊರಗಿಡಬೇಕಾದರೆ ಅದರ ಮುಂದೆ ಕಳೆಯುವ ಚಿಹ್ನೆ ಹಾಕಿದರೆ ಸಾಕು. ಈ ಭಾಗ ಚೊಕ್ಕವಾಗಿದೆ, ಹೆಚ್ಚು ಹೇಳುವುದೇನೂ ಇಲ್ಲ.

ಸವಾರ ಗೆರೆ ದಾಟುವಾಗ ಅವನಿಗೆ ಕೊಟ್ಟ ಪುಟ್ಟ ಚಿಪ್ಪನ್ನು ತಾನಾಗಿ ಓದಿ ಸಮಯ ಹಿಡಿಯುವ ಯಂತ್ರಗಳನ್ನೂ ಇದಕ್ಕೆ ಜೋಡಿಸಬಹುದು. ಆದರೆ ಟೈಮ್ ಟ್ರಯಲ್ ಒಂದಕ್ಕಾಗಿ ಆ ಖರ್ಚು ಮಾಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಹೊರಗಿನಿಂದ ಬಾಡಿಗೆಗೆ ಕರೆಸಿದ ಚಿಪ್ ಸೇವೆಯೊಂದು ನಮ್ಮ ಭಾಗದ ಒಂದು ಸ್ಪರ್ಧೆಯಲ್ಲಿ ಗುರಿಯ ಸಮಯವನ್ನು ಅಚ್ಚುಕಟ್ಟಾಗಿ ಹಿಡಿದುಕೊಟ್ಟಿತು. ಆದರೆ ಅವರ ವ್ಯವಸ್ಥೆ ಓಟದ ಸ್ಪರ್ಧೆಗಳಿಗೆ ಹೊಂದಿಸಿದ್ದರಿಂದ ಎಲ್ಲರೂ ಒಂದೇ ಪಿಸ್ತೂಲಿನ ಸದ್ದಿಗೆ ಹೊರಟರೆಂಬಂತೆ ಲೆಕ್ಕ ಬಂದು, ಮೊದಲು ಹೊರಟವನೇ ಮೊದಲಿಗನೆಂದು ಪ್ರಕಟವಾಯಿತು. ಕೊನೆಗೆ ಅವರ ಸಮಯಗಳಿಂದ ನಮ್ಮ ಪಟ್ಟಿಯ ಸಮಯಗಳನ್ನು ಕೈಯಿಂದ ಕಳೆಯಬೇಕಾಯಿತು. ಬಾಡಿಗೆ ಸೇವೆ ಕರೆಸುವವರು ಬೆಲೆ ಕೇಳುವ ಮೊದಲು ‘ಒಬ್ಬೊಬ್ಬರ ಹೊರಡುವ ಸಮಯವನ್ನು ಹೇಗೆ ತೆಗೆದುಕೊಳ್ಳುತ್ತೀರಿ’ ಎಂದು ಕೇಳುವುದು ಒಳ್ಳೆಯದು.

ಮೊಬೈಲಿನಲ್ಲೇ ಮುಗಿಸಬೇಕೆನ್ನುವವರಿಗೆ ವೆಬ್‌ಸ್ಕೋರರ್ ಎಂಬ ಆ್ಯಪ್ ಇದೆ. ಅದರಲ್ಲೂ ಒಟ್ಟಿಗೆ ಹೊರಡುವ, ಅಲೆಅಲೆಯಾಗಿ ಹೊರಡುವ, ನಿಗದಿತ ಅಂತರದಲ್ಲಿ ಹೊರಡುವ ಬಗೆಗಳನ್ನು ಆಯ್ದುಕೊಳ್ಳಬಹುದು, ಕಲಿಯುವುದೂ ಸುಲಭ. ಶಾಲೆಯ ಸ್ಪರ್ಧೆಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಎಲ್ಲ ಸೌಲಭ್ಯಗಳೂ ಬೇಕಾದರೆ ಅದಕ್ಕೆ ಚಂದಾ ಕಟ್ಟಬೇಕು. ತಕರಾರು ಬಂದಾಗ ಐದಿಂಚಿನ ಪರದೆಯಲ್ಲಿ ಐದಾರು ಮಂದಿ ತೀರ್ಪುಗಾರರಿಗೆ ವಿವರ ತೋರಿಸುವುದೂ ಸುಲಭವಲ್ಲ.

ಕ್ರಾಸ್‌ಮ್ಯಾನೇಜರ್‌ನಲ್ಲಿ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಕನ್ನಡದ ಮೆನುಗಳಿಲ್ಲ, ಹೀಗಾಗಿ ಹಳ್ಳಿಯ ಶಾಲೆಯಿಂದ ಬಂದ ಸ್ವಯಂಸೇವಕರಿಗೆ ಪ್ರತಿ ಗುಂಡಿಯನ್ನೂ ತೋರಿಸಿಯೇ ಕಲಿಸಬೇಕು. ಪರದೆಗಳು ಬಹಳ, ಟ್ಯಾಬ್‌ಗಳು ಬಹಳ; ಟೈಮ್ ಟ್ರಯಲ್‌ಗೆ ಬೇಕಾಗುವುದು ಅವುಗಳಲ್ಲಿ ನಾಲ್ಕೈದು ಮಾತ್ರ, ಉಳಿದದ್ದು ಸುತ್ತುಗಳ ಸ್ಪರ್ಧೆಗೆ ಸೇರಿದ್ದು. ಸುತ್ತುಗಳ ಸ್ಪರ್ಧೆಯಲ್ಲಿ ತಪ್ಪಿಹೋದ ಸುತ್ತನ್ನು ಊಹಿಸಿ ತುಂಬುವ ಅದರ ಜಾಣತನ ನಿಜಕ್ಕೂ ಮೆಚ್ಚುವಂಥದ್ದು, ಆದರೆ ಒಂದೇ ಸುತ್ತಿನ ಟೈಮ್ ಟ್ರಯಲ್‌ನಲ್ಲಿ ಸುತ್ತಿನ ಸಂಖ್ಯೆಯನ್ನು ಒಂದು ಎಂದು ಸ್ಪಷ್ಟವಾಗಿ ನಮೂದಿಸಿಡುವುದು ಕ್ಷೇಮ. ನೋಂದಣಿ ಮತ್ತು ಹೊರಡುವ ಪಟ್ಟಿಗೆಂದೇ ರೇಸ್‌ಡಿಬಿ ಎಂಬ ಜೊತೆ ತಂತ್ರಾಂಶವನ್ನು ಅದೇ ಲೇಖಕರು ಕೊಟ್ಟಿದ್ದಾರೆ. ಅದು ಡೇಟಾಬೇಸ್ ಆಧಾರಿತವಾದದ್ದರಿಂದ ಸ್ಥಾಪಿಸಲು ಕಂಪ್ಯೂಟರ್ ಬಲ್ಲವರ ನೆರವು ಬೇಕು, ವರ್ಷಕ್ಕೆ ಎರಡು ಮೂರು ಸ್ಪರ್ಧೆ ನಡೆಸುವ ಸಂಘಕ್ಕೆ ಎಕ್ಸೆಲ್ ಹಾಳೆಯೇ ಸಾಕು.

ಮೊದಲ ಸಲ ಬಳಸುವವರು ನೇರವಾಗಿ ರಸ್ತೆಗೆ ಇಳಿಯಬಾರದು. ಕಾಲ್ಪನಿಕ ಸವಾರರಿಂದ ರೇಸೊಂದನ್ನು ನಡೆಸಿ ತೋರಿಸುವ ಸಿಮ್ಯುಲೇಶನ್ ತಂತ್ರಾಂಶದ ಒಳಗೇ ಇದೆ. ಅದನ್ನು ಮನೆಯಲ್ಲಿ ಓಡಿಸಿ ಪರದೆಗಳ ಪರಿಚಯ ಮಾಡಿಕೊಳ್ಳಬಹುದು. ನಂತರ ಹತ್ತು ಹೆಸರುಗಳ ಹಾಳೆಯೊಂದನ್ನು ನೀವೇ ಬರೆದು ಒಳಗೆ ತೆಗೆದುಕೊಂಡು, ಒಬ್ಬನನ್ನು ಬೇಕೆಂದೇ ತಡವಾಗಿ ಕಳುಹಿಸಿ, ಒಬ್ಬನನ್ನು ಪಟ್ಟಿಯಿಂದ ಬಿಟ್ಟು, ಒಬ್ಬನಿಗೆ ಹೊಸ ಸಮಯ ಕೊಟ್ಟು, ಫಲಿತಾಂಶ ಏನು ಬರುತ್ತದೆಂದು ಕೈಲೆಕ್ಕದೊಂದಿಗೆ ತಾಳೆ ನೋಡಿ. ಆ ತಾಳೆ ಸರಿಬಂದ ಮೇಲೆ, ತಡವಾಗಿ ಬಂದವನ ಬಗ್ಗೆ ನಿಮ್ಮ ಸ್ಪರ್ಧೆಯ ನಿಯಮವೇನೆಂದು ತೀರ್ಪುಗಾರರಿಂದ ಬರೆಸಿಕೊಂಡು ನೋಂದಣಿಯ ಮೇಜಿನ ಬಳಿ ಅಂಟಿಸಿ. ಸವಾರರಿಗೆ ಬಿಬ್ ಕೊಡುವಾಗಲೇ ಹೊರಡುವ ಸಮಯವನ್ನೂ ಅದರ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದುಕೊಡಿ.